ದೊಡ್ಡವ್ವನ ಅಳು ಮೀಮ್ ಆದ ಮೇಲೆ

ಅವ್ವ ತೀರಿಕೊಂಡ ದಿನ ದೊಡ್ಡವ್ವ ಅತ್ತಳೋ ಇಲ್ಲವೋ, ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಾಳೆ. ತಂಗಿ ಬೇರೆಯೇ ಹೇಳುತ್ತಾಳೆ: ಸೆರಗು ಬಾಯಲ್ಲಿ ಇರಲಿಲ್ಲ, ಊದುಬತ್ತಿಯ ಹೊಗೆ ತಾಳದೆ ಮೂಗಿಗೆ ಹಿಡಿದಿದ್ದಳಂತೆ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡವರ ಮಾತನ್ನೂ ಅನುಮಾನಿಸು ಎಂದು ಅಲ್ಲಿ ಕಲಿಸಿದ್ದರು. ಅವತ್ತು ಕಣ್ಣಾರೆ ಕಂಡವನು ನಾನೇ.

ದೊಡ್ಡವ್ವ ಅವ್ವನ ಅಕ್ಕ. ಇಬ್ಬರೂ ಹುಕ್ಕೇರಿಯಲ್ಲಿ ಹುಟ್ಟಿದವರು. ದೊಡ್ಡವ್ವನನ್ನು ಯಮಕನಮರಡಿಗೆ ಕೊಟ್ಟರು, ಅವ್ವನನ್ನು ಮೂಡಲಗಿಗೆ. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕೂತು ಹಾಡ್ಯಾಡಿ ಅಳುತ್ತಾರೆ. ಹುಟ್ಟಿದಲ್ಲಿಂದ ಹಿಡಿದು ಬದುಕಿನ ಕಥೆಯನ್ನೆಲ್ಲ ಸತ್ತವರಿಗೇ ಹೇಳುತ್ತ, ನಡುನಡುವೆ ಬೈಯುತ್ತ, ರಾಗ ಎಳೆದು ಅಳುವುದು ಅದು. ದೊಡ್ಡವ್ವನಷ್ಟು ಚೆನ್ನಾಗಿ ಅಳುವವರು ಯಮಕನಮರಡಿಯಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಅವಳು ಬರುವ ತನಕ ಉಳಿದವರು ಸುಮ್ಮನೆ ಮುಸುಮುಸು ಅನ್ನುತ್ತ ಕಾಯುತ್ತಿದ್ದರು.

ದೊಡ್ಡಪ್ಪ ಹೋದಾಗ ಅವಳ ಸಣ್ಣ ಮಗಳು ಹಸಿ ಬಾಣಂತಿ. ಬಾಣಂತಿ ಸಾವಿನ ಮನೆಗೆ ಬರುವಂತಿಲ್ಲ. ಆದರೆ ಅಪ್ಪನ ಮೇಲೆ ತಾಯಿ ಅತ್ತ ಅಳುವನ್ನು ಮಗಳು ಕೇಳದಿದ್ದರೆ ಹೇಗೆ ಎಂದು ದೊಡ್ಡವ್ವನ ಸೊಸೆ ಫೋನಿನಲ್ಲಿ ಅದನ್ನು ಹಿಡಿದು, ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಅವಳದು ಒಳ್ಳೆಯ ಮನಸ್ಸು. ನಾನಿದ್ದರೂ ಬಹುಶಃ ಬೇಡ ಅನ್ನುತ್ತಿರಲಿಲ್ಲ.

ಗುಂಪಿನಿಂದ ಅದು ಹೇಗೆ ಹೊರಬಿತ್ತೋ ಇವತ್ತಿಗೂ ಗೊತ್ತಾಗಿಲ್ಲ. ನಾನು ನೋಡಿದ್ದು ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ. ಪಕ್ಕದ ಟೇಬಲ್ಲಿನ ಇಬ್ಬರು ಒಂದೇ ಫೋನಿಗೆ ಬಗ್ಗಿದ್ದರು. ದನಿ ಕೇಳಿ ಕೈಯಲ್ಲಿನ ರೊಟ್ಟಿ ಕೈಯಲ್ಲೇ ನಿಂತಿತು. "ಚಾದಾಗ ಸಕ್ರಿ ಕಡಿಮಿ ಆದ್ರ ಕಪ್ಪ ಒಗೀತಿದ್ಯಲ್ಲೋ ನನ್ನ ರಾಜಾ, ಇನ್ನ ಯಾರ ಮ್ಯಾಲ ಸಿಟ್ಟ ಮಾಡ್ತಿ." ದೊಡ್ಡವ್ವನ ತೆರೆದ ಬಾಯಿ. ಮೇಲೆ ದಪ್ಪ ಅಕ್ಷರ: ಉತ್ತರ ಕರ್ನಾಟಕದವರ ಮನೆಯಲ್ಲಿ ನೆಟ್ ಪ್ಯಾಕ್ ಮುಗಿದಾಗ. ಹಿಂದೆ ಯಾವುದೋ ಡೋಲಿನ ಸದ್ದು.

"ನಮ್ಮ ಮಂದಿ ಅಂದ್ರ ನಮ್ಮ ಮಂದಿ ನೋಡಲೇ," ಎಂದ ಒಬ್ಬ.

"ಅಳೂದ ಸೈತ ಜಗಳಾ ಮಾಡಿದಂಗ ಐತಿ," ಎಂದ ಇನ್ನೊಬ್ಬ, ಪ್ರೀತಿಯಿಂದಲೇ.

ಆಮೇಲೆ ನನ್ನ ಫೋನಿನಲ್ಲೂ ಅದನ್ನು ಹುಡುಕಿ ನೋಡಿದೆ. ಕೆಳಗೆ ಬೇರೆ ಊರುಗಳವರು ಬರೆದದ್ದು ಅಷ್ಟು ಪ್ರೀತಿಯದಾಗಿರಲಿಲ್ಲ. ಇವರು ಮಾತಾಡಿದರೆ ಹೊಡೆದ ಹಾಗೆ, ಅತ್ತರೆ ಬೈದ ಹಾಗೆ. ಈ ಕಡೆಯವರಿಗೆ ಮೆತ್ತಗೆ ಏನೂ ಬರುವುದಿಲ್ಲ. ಅದನ್ನು ಹಾಕಿದ್ದ ಟ್ರೋಲ್ ಪುಟದ ಮೇಲೆ ನಾನು ದೂರು ಕೊಟ್ಟೆ. ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ ಎಂದು ಉತ್ತರ ಬಂತು. ಒಂದನ್ನು ತೆಗೆಸಿದ್ದರೂ ಪ್ರಯೋಜನವಿರಲಿಲ್ಲ, ಅಷ್ಟರಲ್ಲಿ ಅದೇ ಬಾಯಿಗೆ ಪರೀಕ್ಷೆಯ ಫಲಿತಾಂಶ, ಕ್ರಿಕೆಟ್ ಸೋಲು, ಕರೆಂಟ್ ಹೋದದ್ದು ಎಲ್ಲವನ್ನೂ ಅಂಟಿಸಿದ್ದರು.

ದೊಡ್ಡವ್ವನಿಗೆ ತಿಳಿದದ್ದು ಹುಕ್ಕೇರಿಯ ಬಸ್ಸಿನಲ್ಲಂತೆ. ಮುಂದಿನ ಸೀಟಿನ ಹುಡುಗಿಯರು ನಗುತ್ತ ನೋಡುತ್ತಿದ್ದಾಗ ಅವಳಿಗೆ ತನ್ನದೇ ದನಿ ಕೇಳಿಸಿತು. ಒಬ್ಬಳು ತಿರುಗಿ ನೋಡಿ, "ಆಯಿ, ಇದು ನೀವ ಅಲ್ಲೇನ್ರಿ?" ಅಂದಳಂತೆ. "ಅಲ್ಲವಾ ತಂಗಿ, ಯಾರೋ ಪಾಪ," ಅಂದಳಂತೆ ದೊಡ್ಡವ್ವ. ಇದನ್ನು ನನಗೆ ಹೇಳಿದವಳು ಸೊಸೆ, ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ದೊಡ್ಡವ್ವ ಯಾವ ಸಾವಿನ ಮನೆಯಲ್ಲೂ ಬಾಯಿ ತೆರೆಯಲಿಲ್ಲ. ಹೋಗುತ್ತಿದ್ದಳು, ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದಳು.

ಅವ್ವ ಹೋದದ್ದು ಅದರ ಮರುವರ್ಷ. ಮೂಡಲಗಿಯ ಮನೆಯ ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೆಂಗಸರೆಲ್ಲ ದೊಡ್ಡವ್ವನ ಮುಖ ನೋಡುತ್ತಿದ್ದರು. ನಾನೂ. ಅವ್ವ ಮಾತು ಕಡಿಮೆಯವಳು. ಸಣ್ಣವಳಿದ್ದಾಗ ಹೇಗಿದ್ದಳು, ಏನಕ್ಕೆ ಹಟ ಮಾಡುತ್ತಿದ್ದಳು, ಸಾಲಿ ಯಾಕೆ ಬಿಟ್ಟಳು, ನನಗೆ ಒಂದೂ ಗೊತ್ತಿಲ್ಲ. ಬಲ್ಲವಳು ದೊಡ್ಡವ್ವ ಒಬ್ಬಳೇ. ಹಾಡ್ಯಾಡಿ ಅಳುವುದೆಂದರೆ ನನಗೆ ಮೊದಲಿನಿಂದಲೂ ಒಂದು ಥರ ಮುಜುಗರ. ಅವತ್ತು ಮಾತ್ರ ಅವಳು ಶುರುಮಾಡಲಿ ಎಂದು ಕಾದು ಕೂತಿದ್ದೆ.

"ಬಾಯಿ ಬಿಡ ನಮ್ಮವ್ವಾ, ಎದಿ ಒಡದೀತು," ಎಂದಳು ಪಕ್ಕದ ಮನೆಯ ಮುದುಕಿ.

ದೊಡ್ಡವ್ವ ಎಲ್ಲರ ಕೈಗಳನ್ನು ನೋಡಿದಳು. ಬಾಗಿಲಲ್ಲಿ ನಿಂತ ಯಾರೋ ಊರಿಂದ ಬರುವವರಿಗೆ ದಾರಿ ಹೇಳುತ್ತ ಫೋನ್ ಹಿಡಿದಿದ್ದರು. ಅವಳು ನನ್ನ ಕಡೆ ಬಾಗಿ, "ಫೋನ್ ಅದಾವೇನಪಾ?" ಅಂದಳು ಎಂದು ನನ್ನ ನೆನಪು.

"ಎಲ್ಲಾ ಮನಿ ಮಂದಿನ ಅದಾರ ದೊಡ್ಡವ್ವ. ಯಾರೂ ತಗ್ಯಂಗಿಲ್ಲ."

"ಅವತ್ತೂ ಮನಿ ಮಂದಿನ ಇದ್ರಪಾ."

ಈ ಮಾತು ಆಗಿಯೇ ಇಲ್ಲ, ನೀನು ಇಡೀ ಹೊತ್ತು ಅಂಗಳದಲ್ಲಿದ್ದೆ ಅನ್ನುತ್ತಾಳೆ ತಂಗಿ. ಇರಬಹುದು. ಅವ್ವನನ್ನು ಕಲ್ಲೋಳಿ ರಸ್ತೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದಾಗ ಮನೆ ಎಷ್ಟು ಸುಮ್ಮನಿತ್ತೆಂಬುದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ.

ಕೆಲವು ತಿಂಗಳ ಮೇಲೆ ಯಮಕನಮರಡಿಗೆ ಹೋಗಿ ದೊಡ್ಡವ್ವನ ಮುಂದೆ ಕೂತೆ. ಅವ್ವನ ಸಣ್ಣಂದಿನದು ಏನಾದರೂ ಹೇಳು ಅಂದೆ.

"ಹಂಗ ಹೇಳಾಕ ಬರಂಗಿಲ್ಲಪಾ. ಅಳೂಮುಂದ ಒಂದರ ಹಿಂದ ಒಂದ ತಾನ ಬರ್ತೈತಿ. ಸುಮ್ನ ಕುಂತ ಹೇಳ ಅಂದ್ರ, ಭಾಳ ಚೆಂದ ಇದ್ಳು ಅಂತ ಅಷ್ಟ ಹೇಳ್ಬೇಕ ನೋಡು."

ಚಹಾ ಕೊಟ್ಟಳು. ಕುಡಿದು ಬಂದೆ.

ಮೊನ್ನೆ ತಂಗಿ ಇನ್ನೊಂದು ಸುದ್ದಿ ಹೇಳಿದಳು: ಮಣ್ಣಾದ ಮರುದಿನ ಬೆಳಿಗ್ಗೆ, ನಾವೆಲ್ಲ ಮನೆಯಲ್ಲಿದ್ದಾಗ, ದೊಡ್ಡವ್ವ ಒಬ್ಬಳೇ ಹೊಲಕ್ಕೆ ಹೋಗಿದ್ದಳಂತೆ. ನಂಬಲಿಲ್ಲ. ಇಂಥ ಸಮಾಧಾನಗಳನ್ನು ಮನೆಯವರು ಆಮೇಲೆ ಕಟ್ಟಿಕೊಳ್ಳುತ್ತಾರೆ. ಬಾಜೂ ಹೊಲದ ಗಂಡ ಹೆಂಡತಿಯನ್ನು ಬೇರೆಬೇರೆಯಾಗಿ ಕಂಡು ಕೇಳಿದೆ. ಇಬ್ಬರೂ ಅವತ್ತು ಕಬ್ಬಿಗೆ ನೀರು ಹಾಯಿಸುತ್ತಿದ್ದರು. ಒಂದು ಪದವೂ ಇಬ್ಬರಿಗೂ ನೆನಪಿಲ್ಲ; ಮೋಟರಿನ ಸದ್ದಿನಲ್ಲಿ ರಾಗದ ಎಳೆತ ಬಿಟ್ಟು ಮಾತು ಕೇಳಿಸಿರಲೂ ಇಲ್ಲ. ಆದರೆ ಇಬ್ಬರೂ ಹೇಳಿದ್ದು ಒಂದೇ: ದೊಡ್ಡವ್ವ ಬಂದಿದ್ದಳು, ಅವ್ವನ ಮಣ್ಣಿನ ಹತ್ತಿರ ಕೂತು ಬಿಸಿಲೇರುವ ತನಕ ಹಾಡ್ಯಾಡಿ ಅತ್ತಳು.