ಗಿಣಿಯ ಎರಡನೆಯ ರೆಕ್ಕೆ

ಅಥವಾ ಬಸ್ಸಿನಲ್ಲಿ ನನಗೆ ನೂಲು ಕೊಟ್ಟ ಆ ಹೆಂಗಸು ನಾವುಂದದಲ್ಲಿ ಇಳಿಯಲೇ ಇಲ್ಲವೋ ಏನೋ. ಬುಟ್ಟಿ ನೆನಪಿದೆ, ಮುಖ ಇಲ್ಲ. ಬುಟ್ಟಿಯನ್ನೂ ಆಮೇಲೆ ನಾನೇ ತಂದಿಟ್ಟಿರಬಹುದು. ಖಚಿತವಾದದ್ದು ಇಷ್ಟು: ಬಸುರಿ ತಂಗಿಯ ಬಯಕೆ ಶಾಸ್ತ್ರ ಬೈಂದೂರಿನಲ್ಲಿ, ಮಧ್ಯಾಹ್ನಕ್ಕೆ. ಅವಳು ತೊಡಬೇಕಾದ ರವಿಕೆ ಬ್ರಹ್ಮಾವರದಿಂದ ಹೊರಟ ಬಸ್ಸಿನಲ್ಲಿ, ನನ್ನ ಮಡಿಲಲ್ಲಿ. ಬೆನ್ನಿನ ಗಿಣಿಗೆ ಇನ್ನೂ ಒಂದೇ ರೆಕ್ಕೆ.

ಅಳುಕೇನೂ ಇರಲಿಲ್ಲ. ಕಸೂತಿ ನನಗೆ ಮನೆಗಿಂತ ಬಸ್ಸಿನಲ್ಲೇ ಚೆನ್ನಾಗಿ ಬರುತ್ತದೆ, ಈಗಲೂ. ಬಟ್ಟೆ ಬಿಗಿಯುವ ರಿಂಗು ಅಂಗೈಯಗಲ ಸಾಕು. ನೂಲು ಮೊಳ ಮೀರಬಾರದು. ಡ್ರೈವರ್ ಬ್ರೇಕ್ ಒತ್ತುವ ಮುಂಚೆ ಸೂಜಿ ಬಟ್ಟೆಯಲ್ಲಿ ನಾಟಿ ನಿಂತಿರಬೇಕು. ಬ್ರೇಕ್ ಬರುವುದು ಹೇಗೆ ತಿಳಿಯುತ್ತದೆ ಎಂದರೆ, ತಿಳಿಯುತ್ತದೆ.

ಕುಂದಾಪುರ ದಾಟಿದ ಮೇಲೆ ಚೀಲದಲ್ಲಿ ಕೈಯಾಡಿಸಿದೆ. ಹಸಿರು ನೂಲು ಮನೆಯಲ್ಲೇ ಉಳಿದಿತ್ತು.

ಪಕ್ಕದಲ್ಲಿ ಮೀನು ಮಾರಿ ಮರಳುತ್ತಿದ್ದ ಹೆಂಗಸು. ಆಗಿನಿಂದ ನೋಡುತ್ತಿದ್ದಳು.

"ಎಂತ ಹುಡ್ಕುದ್ ಅಮ್ಮ?"

"ಹಸ್ರ್ ನೂಲ್."

"ಒಂದೇ ರೆಕ್ಕಿ ಗಿಣಿ ಹಾರುದ್ ಹ್ಯಾಂಗೆ? ನಡ್ಕಂಡೇ ಹೋಯ್ಕ್ ಅದ್!"

ನಕ್ಕು, ಗಂಡನ ಬಲೆ ರಿಪೇರಿಗೆಂದು ಕೊಂಡಿದ್ದ ಹಸಿರು ನೈಲಾನ್ ನೂಲಿನ ಉಂಡೆ ತೆಗೆದಳು. ತುಂಡೊಂದನ್ನು ಹಲ್ಲಿನಲ್ಲಿ ಕಡಿದು, ಹುರಿ ಬಿಚ್ಚಿ, ಎಳೆಗಳನ್ನು ನನ್ನ ಮಂಡಿಯ ಮೇಲೆ ಹರಡಿದಳು. "ತಕಣಿ. ಮೀನ್ ವಾಸ್ನಿ ಇಲ್ಲೆ, ಹೊಸ್ತ್."

ಎಳೆ ಜಾರುತ್ತಿತ್ತು, ಗಂಟು ನಿಲ್ಲುತ್ತಿರಲಿಲ್ಲ. ಎರಡೆರಡು ಗಂಟು ಹಾಕಿದೆ. ಮರವಂತೆಯಲ್ಲಿ ಎಲ್ಲರೂ ಕಿಟಕಿಯಾಚೆ ಕಡಲು ನೋಡುವಾಗ ನಾನು ರೆಕ್ಕೆಯ ಅಂಚು ಮುಗಿಸುತ್ತಿದ್ದೆ. ನಾವುಂದದಲ್ಲಿ ಅವಳು ಬುಟ್ಟಿ ಎತ್ತಿಕೊಂಡು ಇಳಿದಳು. ಬೈಂದೂರಿನಲ್ಲಿ ನಾನು ಇಳಿದಾಗ ಗಿಣಿ ಪೂರ್ತಿಯಾಗಿತ್ತು.

ಹೀಗೆಂದು ಹತ್ತಾರು ಸಲ ಹೇಳಿದ್ದೇನೆ. ಹೇಳಿದಷ್ಟೂ ನುಣುಪಾಗುತ್ತಿದೆ, ಅದೇ ಅನುಮಾನ. ಮೊನ್ನೆ ತಂಗಿ ಅಡುಗೆಮನೆಯಿಂದಲೇ ಕೂಗಿದಳು:

"ಎಂತ ಕಥಿ ಕಟ್ತೆ ಅಕ್ಕ! ನೀ ಬಂದದ್ ಒಂದ್ ರೆಕ್ಕಿ ಗಿಣಿ ಹಿಡ್ಕಂಡ್. ನೂಲ್ ಪೇಟಿಂದ ತರ್ಸಿ ಕೊಟ್ಟದ್ ನಾನ್. ಹೂ ಮುಡ್ಸು ಹೊತ್ತಿಗೂ ನೀ ಹಿಂದ್ ಕೂತ್ಕಂಡ್ ಹೊಲೀತಿದ್ದೆ!"

ರವಿಕೆ ತರಿಸಿ ನೋಡಿದೆ. ಮೊದಲ ರೆಕ್ಕೆ ಮಾಸಿದೆ. ಎರಡನೆಯದು ಇವತ್ತಿಗೂ ಹೊಳೆಯುತ್ತದೆ. ಪೇಟೆಯ ರೇಷ್ಮೆ ನೂಲೂ ಹೊಳೆಯುತ್ತದೆ ಎಂದಳು ತಂಗಿ. ಹಿಂಬದಿಯಲ್ಲಿ ಎರಡೆರಡು ಗಂಟುಗಳಿವೆ, ನನ್ನವೇ. ಆದರೆ ಅವಸರದಲ್ಲಿ ನಾನು ಯಾವ ನೂಲಿಗೂ ಹಾಗೆಯೇ ಹಾಕುತ್ತೇನೆ.

ತುದಿಗೆ ಕಿಡಿ ತಾಗಿಸಿದರೆ ತಿಳಿಯುತ್ತದೆ. ನೈಲಾನ್ ಕರಗುತ್ತದೆ, ರೇಷ್ಮೆ ಕರಕಲಾಗುತ್ತದೆ. ತಂಗಿ ರವಿಕೆ ಕಸಿದುಕೊಂಡು ಕಪಾಟಿನಲ್ಲಿಟ್ಟಳು. ನಾನೂ ಒತ್ತಾಯಿಸಲಿಲ್ಲ.

ಆ ರೆಕ್ಕೆಯನ್ನು ಹೊಲಿದವಳು ನಾನು. ನೂಲು ಯಾರದೆಂದು ಗೊತ್ತಿಲ್ಲ.