ಮಿಕ್ಸರಿನೊಳಗೆ ಏರಿದ ತೂಕ

ಬೆಂಗಳೂರಿನ ಅಂಚಿನ ಉಲ್ಲಾಳದಿಂದ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಜ್ಯೋತಿಲಕ್ಷ್ಮಿಗೆ ಯಂತ್ರಗಳ ಗುಂಗು ಚಿಕ್ಕಂದಿನದು. ಅಪ್ಪ ಹೆಗ್ಗನಹಳ್ಳಿಯ ಶೆಡ್ಡೊಂದರಲ್ಲಿ ಲೇಥ್ ಓಡಿಸುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದ ಹುಡುಗಿ, ಬಿಚ್ಚಿ ಹರಡಿದ ಗೇರ್‌ಬಾಕ್ಸಿನ ಮುಂದೆ ಕೂತರೆ ಏಳುತ್ತಲೇ ಇರಲಿಲ್ಲ. ಡಿಪ್ಲೊಮಾ ಮುಗಿಸಿ ಡ್ರಾಯಿಂಗ್ ಬೋರ್ಡಿನಿಂದ ಶುರುಮಾಡಿದವಳು ಈಗ, ತಲೆ ನರೆಯುವ ಹೊತ್ತಿಗೆ, ಕಂಪ್ಯೂಟರಿನಲ್ಲಿ ಇಡೀ ಯಂತ್ರವನ್ನೇ ಜೋಡಿಸುತ್ತಾಳೆ. ಸಾವಿರಾರು ಬಿಡಿಭಾಗಗಳ ನಡುವೆ ಕಣ್ಣು ತಪ್ಪದಿರಲು ಅವಳದೇ ಒಂದು ಕ್ರಮವಿತ್ತು: ತಿರುಗುವುದಕ್ಕೆಲ್ಲ ಕಿತ್ತಳೆ ಬಣ್ಣ, ಹೊರಗಿಂದ ಕೊಂಡು ತಂದದ್ದಕ್ಕೆ ನೀಲಿ, ಅಲುಗದೆ ನಿಲ್ಲುವುದಕ್ಕೆ ಬೂದು. ಹೊಸದಾಗಿ ಸೇರಿದವರಿಗೆ ಅವಳು ಮೊದಲು ಹೇಳುತ್ತಿದ್ದದ್ದೂ ಒಂದೇ ಮಾತು.

"ಹೈಡ್ ಮಾಡಿದ ಪಾರ್ಟ್ ಕಣ್ಣಿಗೆ ಕಾಣಲ್ಲ ಅಷ್ಟೇ, ಅಲ್ಲೇ ಇರುತ್ತೆ, ತೂಕಕ್ಕೂ ಬರುತ್ತೆ. ಸಪ್ರೆಸ್ ಮಾಡಿದ್ದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಎರಡೂ ಒಂದೇ ಅಂದ್ಕೋಬೇಡಿ."

ಹೋದ ವರ್ಷ ಸಿಮೆಂಟ್ ಬ್ಲಾಕ್ ಘಟಕವೊಂದಕ್ಕೆ ದೊಡ್ಡ ಮಿಕ್ಸರಿನ ಆರ್ಡರ್ ಬಂತು. ಹಳೆಯ ಮಾದರಿಯೇ, ಜ್ಯೋತಿಲಕ್ಷ್ಮಿ ಈ ಕಂಪನಿಗೆ ಸೇರುವ ಮೊದಲೇ ನಿವೃತ್ತರಾಗಿದ್ದ ಸೇತುರಾಮ ಅನ್ನುವವರು ಮಾಡಿಟ್ಟದ್ದು. ಮಾಲೀಕರಾದ ನಾಗಭೂಷಣ್ ಅವಳ ಮೇಜಿನ ಬಳಿ ಬಂದು, "ಪಕ್ಕದಲ್ಲಿರೋ ಬಾಗಿಲು ಬೇಡವಂತೆ ಜ್ಯೋತಿ. ಧೂಳು ಸೋರುತ್ತಂತೆ. ಪ್ಲೇಟ್ ಹಾಕಿ ಮುಚ್ಚಿಬಿಡಿ," ಅಂದರು.

ಅವಳು ಬಾಗಿಲನ್ನು ಸಪ್ರೆಸ್ ಮಾಡಿ, ಆ ಜಾಗಕ್ಕೆ ತೆಳು ಪ್ಲೇಟ್ ಕೂರಿಸಿ, ಕಂಪ್ಯೂಟರ್ ತೋರಿಸುವ ಒಟ್ಟು ತೂಕ ನೋಡಿದಳು. ಇಳಿಯಬೇಕಿತ್ತು. ಏರಿತ್ತು. ಹೆಚ್ಚುಕಮ್ಮಿ ಒಬ್ಬ ಆಳಿನ ತೂಕದಷ್ಟು.

ಎಲ್ಲೋ ಏನೋ ಅಡಗಿದೆ ಅಂದುಕೊಂಡು ಮೇಲಿನ ಮುಚ್ಚಳ, ಮೋಟಾರು, ತಿರುಗುವ ರೆಕ್ಕೆಗಳನ್ನು ಒಂದೊಂದಾಗಿ ಮರೆಮಾಡುತ್ತ ಹೋದಳು. ಡ್ರಮ್ಮಿನ ತಳದಲ್ಲಿ ಗೋಡೆಯದೇ ಬೂದು ಬಣ್ಣದ ಒಂದು ಗಡ್ಡೆ. ಗೋಡೆಯನ್ನು ಗಾಜಿನಂತೆ ಪಾರದರ್ಶಕ ಮಾಡಿ, ಆ ಗಡ್ಡೆಗೆ ಹಳದಿ ಕೊಟ್ಟಳು. ಮೌಸಿನ ಮೇಲಿಂದ ಕೈ ತಾನಾಗಿ ಹಿಂದಕ್ಕೆ ಬಂತು.

ಮನುಷ್ಯ. ಮಂಡಿ ಎದೆಗೆ ಅವುಚಿ, ತಲೆ ತಗ್ಗಿಸಿ ಕೂತಿದ್ದ. ಬಲಗೈ ಮಾತ್ರ ಮೇಲೆತ್ತಿ ಅಂಗೈಯನ್ನು ಗೋಡೆಗೆ ಒತ್ತಿದ್ದ, ಅವಳು ಈಗಷ್ಟೇ ಪ್ಲೇಟ್ ಕೂರಿಸಿದ ಜಾಗಕ್ಕೇ.

ಅವನನ್ನು ಸಪ್ರೆಸ್ ಮಾಡಿದಳು. ಮಾಯವಾದ. ಫೈಲನ್ನು ಮುಚ್ಚಿ ತೆರೆದರೆ ಮತ್ತೆ ಅಲ್ಲೇ ಕೂತಿದ್ದ. ಇನ್ನೊಮ್ಮೆ ಮಾಡಿದಳು, ಇನ್ನೊಮ್ಮೆ ಬಂದ. ಊಟದ ಹೊತ್ತು, ಕೆಳಗಿನ ವರ್ಕ್‌ಶಾಪ್‌ನಲ್ಲಿ ಗ್ರೈಂಡರಿನ ಸದ್ದೂ ನಿಂತಿತ್ತು. ಡಿಲೀಟ್ ಒತ್ತಲು ಮನಸ್ಸು ಬರಲಿಲ್ಲ.

ಆಫೀಸಿನಲ್ಲಿ ಕೇಳಿ ನಂಬರ್ ಪಡೆದು ಬಸವೇಶ್ವರನಗರದಲ್ಲಿದ್ದ ಸೇತುರಾಮರಿಗೆ ಫೋನ್ ಮಾಡಿದಳು. "ಸಾರ್, ನಾನು ಜ್ಯೋತಿಲಕ್ಷ್ಮಿ ಅಂತ. ನೀವಿದ್ದ ಡಿಸೈನ್ ಸೆಕ್ಷನ್ನಿಂದ..."

ಅವರು ಮಾತು ಮುಗಿಯಲು ಬಿಡಲಿಲ್ಲ. "ಬಾಗಿಲು ಕಿತ್ತುಹಾಕಿದ್ರೇನಮ್ಮಾ?"

"ಹೌದು ಸಾರ್," ಅಂದಳು. ಅವರು ಮುಂದುವರಿಸಿದರು. "ಅವನು ಫಕೀರೇಶ ಅಂತ, ಹಾವೇರಿ ಕಡೆಯವನು. ಬೇರೆ ಯಾರೋ ಮಾಡಿದ್ದ ಮಿಕ್ಸರು, ಅದಕ್ಕೆ ಪಕ್ಕದ ಬಾಗಿಲಿರಲಿಲ್ಲ. ಒಳಗಿಳಿದು ಸಿಮೆಂಟ್ ಕೆರೀತಿದ್ದ. ಗೊತ್ತಿಲ್ಲದೆ ಮುಚ್ಚಳ ಹಾಕಿ ಸ್ವಿಚ್ ಒತ್ತಿಬಿಟ್ರು. ನಾನು ಆಮೇಲೆ ನೋಡೋಕೆ ಹೋಗಿದ್ದೆ. ನಮ್ಮ ಮಿಕ್ಸರಿಗೆ ಒಳಗಿಂದಲೂ ತೆಗೆಯೋ ಬಾಗಿಲು ಇಟ್ಟೆ, ತೆಗೆದರೆ ಯಂತ್ರ ನಿಲ್ಲೋ ಹಾಗೆ. ಯಾರಾದ್ರೂ ಆ ಬಾಗಿಲನ್ನ ಸಪ್ರೆಸ್ ಮಾಡಿದ್ರೆ ಫಕೀರೇಶ ಬರಬೇಕು ಅಂತ ಅವನ ಆಕಾರ ಮಾಡಿ ಫೈಲಿನಲ್ಲೇ ಗಂಟು ಹಾಕಿಟ್ಟೆ."

"ಅದಕ್ಕೇ ಏನ್ಸಾರ್ ಅವನ ಕೈಯನ್ನ ಗೋಡೆಗೆ ಒತ್ತಿದ ಹಾಗೆ ಮಾಡಿದ್ದು?"

"ಇಲ್ವಲ್ಲಮ್ಮ." ಅವರ ದನಿ ತಗ್ಗಿತು. "ಎರಡೂ ಕೈ ಮಂಡಿ ಮೇಲಿಟ್ಟಿದ್ದೆ."

ಅವಳು ಪರದೆ ನೋಡಿದಳು. ಐದೂ ಬೆರಳು ಅಗಲಿಸಿದ ಅಂಗೈ.

ನಾಗಭೂಷಣ್ ಬಂದು ನೋಡಿದರು, ಕೇಳಿದರು, ಕುರ್ಚಿ ಎಳೆದುಕೊಂಡು ಕೂತರು. "ಗಿರಾಕಿಗೆ ಏನಂತ ಹೇಳಲಿ?"

"ಧೂಳು ಸೋರದ ಹಾಗೆ ಬಾಗಿಲ ಸುತ್ತ ರಬ್ಬರ್ ಹಾಕ್ಕೊಡ್ತೀನಿ ಸಾರ್. ಬಾಗಿಲಿಲ್ಲದ ಡ್ರಾಯಿಂಗಿಗೆ ನಾನು ಸಹಿ ಹಾಕಲ್ಲ."

ಗಿರಾಕಿ ಗೊಣಗಿ ಒಪ್ಪಿಕೊಂಡ. ಅವಳು ಬಾಗಿಲನ್ನು ಮತ್ತೆ ಸೇರಿಸಿದ ಕ್ಷಣ ಹಳದಿ ಆಕೃತಿ ಹೋಯಿತು, ತೂಕವೂ ಸರಿಯಾಯಿತು. ನಾಗಭೂಷಣ್ ಮೆಲ್ಲಗೆ ಕೇಳಿದರು, "ಈಗ ಕೈ ಎಲ್ಲಿದೆ ಅಂತ ನೋಡೋಣ್ವಾ?"

"ನೋಡಬೇಕಾದ್ರೆ ಬಾಗಿಲನ್ನ ಮತ್ತೆ ಇಲ್ಲದ ಹಾಗೆ ಮಾಡಬೇಕಲ್ಲ ಸಾರ್. ಬೇಡ."

ಮಿಕ್ಸರ್ ತಯಾರಾಗಿ ಲಾರಿಗೆ ಏರುವ ಮುಂಚೆ, ಬೆಳಗಿನ ಬಿಸಿಲಲ್ಲೇ ಜ್ಯೋತಿಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಒಳಗಿಳಿದಳು. ಮೇಲಿನ ಮುಚ್ಚಳವನ್ನೂ ಪಕ್ಕದ ಬಾಗಿಲನ್ನೂ ಹಾಕಿಸಿದಳು. ಕತ್ತಲು, ಹೊಸ ಬಣ್ಣದ ವಾಸನೆ. ತಣ್ಣನೆಯ ಕಬ್ಬಿಣ ತಡಕುತ್ತ ಹೋದ ಅವಳ ಕೈಗೆ ಒಂದೆಡೆ ಅಂಗೈಯಗಲ ಬೆಚ್ಚಗೆ ತಾಗಿತು. ಅದರ ಪಕ್ಕದಲ್ಲೇ ಹಿಡಿ ಸಿಕ್ಕಿತು. ತಳ್ಳಿದಳು.

ಬಾಗಿಲು ಹಗುರವಾಗಿ ತೆರೆದುಕೊಂಡಿತು. ಹೊರಗೆ ನಾಗಭೂಷಣ್, ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಅದರ ಕೀಲಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು.