ವೈಸ್ ಬಿಗಿದದ್ದು ನಾನು

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿನ ನೆಪ, ಒಮ್ಮೆ ಕರೆಂಟಿನ ನೆಪ. ಖರೆ ಹೇಳಬೇಕೆಂದರೆ ಧೈರ್ಯ ಇರಲಿಲ್ಲ. ಈಗ ಬಂದಿದೆ. ಓದಿದವರು ನಗಲಿ, ಬೀಗರು ಮುಖ ತಿರುವಲಿ, ಬರೆದೇ ಬರೆಯುತ್ತೇನೆ.

ಅಫಜಲಪುರದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಲೇಥ್ ಹಿಡಿದವನು ನಾನು. ಕಬ್ಬಿನ ಟ್ರ್ಯಾಲಿಗಳಿಗೆ ಆಕ್ಸಲ್, ಬುಷ್ ಮಾಡುತ್ತಲೇ ಕೂದಲು ಬೆಳ್ಳಗಾಯಿತು. ಮುಂದೆ ಮಗ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಿಲ್ಲಿಂಗ್ ಮಷಿನ್ ತಂದ. ಆದರೆ ಒಂದು ಕಡೆ ನಿಲ್ಲುವ ಜಾಯಮಾನ ಅವನದಲ್ಲ. ಕೆಲಸ ಹುಡುಕಿಕೊಂಡು ಆಳಂದ, ಜೇವರ್ಗಿ ತಿರುಗುತ್ತಾನೆ. ಮಷಿನ್ ನಡೆಸುವವಳು ಅವನ ಹೆಂಡತಿ. ಮಟಕಿ ಊರಿನ ಮಗಳು, ಡಿಪ್ಲೊಮಾ ಓದಿದವಳು.

“ಏನ್ರಿ ಕಾಕಾ, ಸೊಸಿ ಕೈಯಾಗ ಮಷಿನ್ ಕೊಟ್ಟು ನೀವು ಚಾ ಕುಡ್ಕೋತ ಕುಂತೀರಲ್ಲ?” ಎಂದು ಚಹಾದಂಗಡಿಯಲ್ಲೊಬ್ಬ ಕೆಣಕಿದ.

“ಹೌದೋ, ಕೊಟ್ಟೀನಿ. ನಿನ್ನ ಕೈಯಾಗ ಕೊಟ್ಟಿದ್ರ ಇಷ್ಟೊತ್ತಿಗಿ ಗುಜರಿಗಿ ಹಾಕಿ ಇಸ್ಪೀಟ ಆಡ್ತಿದ್ದಿ,” ಎಂದೆ.

ಆ ಉತ್ತರಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಆದರೆ ನನ್ನ ಧೈರ್ಯವೆಲ್ಲ ಚಹಾದಂಗಡಿಯವರೆಗೆ ಮಾತ್ರ. ದಿನಾ ಇಷ್ಟಲಿಂಗ ಪೂಜೆ ಮಾಡುವ, ಹೆಣ್ಣು ಗಂಡು ಒಂದೇ ಎಂಬ ಪ್ರವಚನಕ್ಕೆ ತಲೆದೂಗುವ ಮನೆ ನಮ್ಮದು. ಹಾಗಿದ್ದೂ ಮಾವನ ಎದುರು ಸೊಸೆ ಬಾಯಿ ಬಿಡಬಾರದೆಂಬ ರೂಢಿಯನ್ನು ನಾವು ಬಿಟ್ಟಿರಲಿಲ್ಲ. ಸೆರಗು ಮಷಿನ್‌ಗೆ ಸಿಕ್ಕರೆ ಜೀವಕ್ಕೆ ಅಪಾಯ ಅಂತ ಅವಳು ತಲೆಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದಳು. ಅಷ್ಟಕ್ಕೆ ನಾನು ಒಪ್ಪಿದ್ದೆ. ಮಾತಿಗೆ ಮಾತ್ರ ನಡುವೆ ನನ್ನ ಹೆಂಡತಿ ಬೇಕು. ಬುತ್ತಿ ತಂದವಳು ಸಂಜೆತನಕ ಅಲ್ಲೇ ಕೂರುತ್ತಿದ್ದಳು.

“ಅತ್ತಿ, ಮಾವಾರಿಗೆ ಹೇಳ್ರಿ, ಡ್ರಿಲ್ ಮೊಂಡ ಆಗ್ಯದ.”

“ಕೇಳಿಸ್ತೇನ್ರಿ? ಡ್ರಿಲ್ ಮೊಂಡ ಆಗ್ಯದಂತ.”

“ಹೊಸಾದು ಕಪಾಟಿನಾಗ ಅದ ಅಂತ ಹೇಳು.”

“ನಾನೇನು ನಿಮ್ಮಿಬ್ಬರ ಟಪಾಲಿನಕಿ ಏನು? ಕೈ ಚಾಚಿದ್ರ ಸಿಗ್ತೀರಿ ಒಬ್ಬರಿಗೊಬ್ಬರು!”

ಜೇವರ್ಗಿಯ ಬೇಳೆ ಮಿಲ್ಲಿನ ಸಾವಕಾರನೊಬ್ಬ ಗೇರ್‌ಬಾಕ್ಸ್ ಮುಚ್ಚಳಗಳ ಕೆಲಸ ಕೊಟ್ಟ. ತೆಳ್ಳನೆಯ ಅಲ್ಯೂಮಿನಿಯಂ ಪ್ಲೇಟು. ಮುಖ ಸಪಾಟಾಗಿರಬೇಕು, ಇಲ್ಲದಿದ್ದರೆ ಎಣ್ಣೆ ಸೋರುತ್ತದೆ. ಈ ಕಸುಬಿನಲ್ಲಿ ಕೊರೆಯುವುದು ಮಷಿನ್ನಿನ ಕೆಲಸ. ಯಾವುದನ್ನು ಹೇಗೆ ಹಿಡಿದು ಕೂರಿಸಬೇಕು ಎಂಬುದು ಮನುಷ್ಯರ ಕೆಲಸ.

ನನ್ನ ನಂಬಿಕೆ ವೈಸಿನ ಮೇಲೆ. ಎರಡು ದವಡೆ, ಒಂದು ಹ್ಯಾಂಡಲ್, ತಿರುವಿದರೆ ಮುಗಿಯಿತು. ದಪ್ಪ ಕಬ್ಬಿಣದ ಗಟ್ಟಿಗೆ ವೈಸಿನಂಥದ್ದು ಇನ್ನೊಂದಿಲ್ಲ ಎಂದು ಈಗಲೂ ವಾದಿಸುತ್ತೇನೆ, ಬರುವವರು ಬರಲಿ. ಹವಳಗಾದ ದಾರಿಯಲ್ಲಿ ಕಬ್ಬಿನ ಗಾಡಿ ನೋಡುತ್ತ ಬೆಳೆದವನು ನಾನು. ಹಗ್ಗ ಸಡಿಲಾದರೆ ಗಾಡಿ ಮಗುಚುತ್ತದೆ. ಬಿಗಿ ಇದ್ದರೆ ಕ್ಷೇಮ. ನನ್ನ ವಿದ್ಯೆ ಅಷ್ಟೇ.

ಆದರೆ ಪೋಸ್ಟ್‌ಕಾರ್ಡಿನ ಎರಡು ಅಂಚುಗಳನ್ನು ಬೆರಳಿನ ನಡುವೆ ಹಿಡಿದು ಒತ್ತಿ ನೋಡಿ, ನಡು ಉಬ್ಬುತ್ತದೆ. ತೆಳು ಪ್ಲೇಟು ವೈಸಿನಲ್ಲಿ ಹಾಗೇ ಉಬ್ಬುತ್ತದೆ, ಕಣ್ಣಿಗೆ ಕಾಣದಷ್ಟು. ಮಷಿನ್ ಆ ಉಬ್ಬನ್ನು ಹೆರೆದು ಸಪಾಟು ಮಾಡುತ್ತದೆ. ವೈಸ್ ಬಿಚ್ಚಿದ ಕೂಡಲೇ ಪ್ಲೇಟು ತನ್ನ ಸ್ವಭಾವಕ್ಕೆ ಮರಳುತ್ತದೆ, ನಡುವೆ ತಗ್ಗು ಉಳಿಯುತ್ತದೆ. ಸೊಸೆ ಅದಕ್ಕೆ ಮುಚ್ಚಳದ ಬೋಲ್ಟಿನ ತೂತುಗಳನ್ನೇ ಮೊದಲು ಕೊರೆದು, ಆ ತೂತುಗಳಲ್ಲೇ ಬೋಲ್ಟು ಹಾಕಿ ಅದನ್ನು ಕೆಳಗಿಟ್ಟ ಒಂದು ದಪ್ಪ ಪ್ಲೇಟಿಗೆ ಕೂರಿಸಿದ್ದಳು. ಪಕ್ಕದಿಂದ ಒತ್ತುವುದೇ ಇಲ್ಲ. ಅವಳು ಮಾಡಿದ ಮೊದಲ ಮುಚ್ಚಳವನ್ನು ಗಾಜಿನ ಮೇಲಿಟ್ಟರೆ ಸಂದಿನಲ್ಲಿ ಬೆಳಕು ಹಾಯಲಿಲ್ಲ.

ಅಷ್ಟರಲ್ಲಿ ಅವಳು ತವರಿನ ಕಾರ್ಯಕ್ಕೆ ಮಟಕಿಗೆ ಹೋದಳು. ಸಾವಕಾರ ಅವಸರ ಮಾಡಿದ. ನಾನು ಅವಳ ಜೋಡಣೆ ಬಿಚ್ಚಿ, ಪ್ಲೇಟನ್ನು ವೈಸಿಗೆ ಹಾಕಿ, ಸಾಲದೆಂದು ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಬಿಗಿದೆ.

“ವೈಸಿನಾಗ ಹಾಕಬ್ಯಾಡ್ರಿ ಅಂತ ಹೇಳಿ ಹೋಗ್ಯಾಳ್ರಿ ಅಕಿ,” ಎಂದಳು ನನ್ನ ಹೆಂಡತಿ.

“ಅಕಿ ಹುಟ್ಟೂಕಿಂತ ಮೊದಲ ವೈಸ್ ಹಿಡದೀನಿ ನಾ. ಸುಮ್ಮ ಕೂಡು.”

ಉಳಿದ ಮುಚ್ಚಳಗಳೆಲ್ಲ ಹಾಗೇ ಆದವು, ಹಾಗೇ ಜೇವರ್ಗಿಗೆ ಹೋದವು.

ಸೊಸೆ ಮರಳಿ ಬಂದ ಮೇಲೆ ಸಾವಕಾರ ಒಂದು ಮುಚ್ಚಳ ಹಿಡಿದುಕೊಂಡು ಬಂದ. ಗಾಜಿನ ಮೇಲಿಟ್ಟ. ಬೆಳಕು ಹಾಯಿತು.

“ಎಣ್ಣಿ ಸೋರಿ ಮಿಲ್ ತುಂಬ ಹರದದ ಕಾಕಾ. ಯಾರು ಮಾಡಿದ್ದಿದು?”

ಸೊಸೆ ಮಷಿನ್ ಪಕ್ಕದಲ್ಲೇ ನಿಂತಿದ್ದಳು. ಹ್ಯಾಂಡಲ್‌ನಲ್ಲಿ ಪೈಪ್ ಇನ್ನೂ ಜೋತಾಡುತ್ತಿತ್ತು.

“ಸೊಸಿ ಮಾಡ್ಯಾಳ್ರಿ,” ಎಂದೆ. “ಹೆಣ್ಣುಮಕ್ಕಳ ಕೈ, ಬಿಗಿ ಸಾಲಿಲ್ಲ.”

ಅವಳು ಪೈಪ್ ನೋಡಿದಳು, ನನ್ನನ್ನು ನೋಡಿದಳು. ಉತ್ತರ ಅವಳ ಬಾಯಿತನಕ ಬಂದದ್ದು ನನಗೆ ಕಂಡಿತು. ಮಾವನ ಎದುರು ಅವಳು ಮಾತಾಡುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಸುಳ್ಳಿಗಿಂತ ದೊಡ್ಡ ತಪ್ಪು ಅದು. ಎಲ್ಲ ಮಾತನ್ನೂ ಸಾಗಿಸುತ್ತಿದ್ದ ನನ್ನ ಹೆಂಡತಿ ಅವತ್ತು ನೆಲ ನೋಡುತ್ತ ಕೂತಳು.

“ಹಾಂಗಾದ್ರ ಅಕಿನ್ನ ಮಷಿನ್ ಬಿಡಸ್ರಿ. ಇಲ್ಲಂದ್ರ ನನ್ನ ಕೆಲಸ ಬಿಡ್ರಿ,” ಎಂದ ಸಾವಕಾರ.

“ಆಯ್ತ್ರಿ,” ಎಂದುಬಿಟ್ಟೆ.

ಮರುದಿನದಿಂದ ಅವಳು ಬರಲಿಲ್ಲ. ನಾನು ಬಿಗಿದರೆ ಪ್ಲೇಟು ಬಾಗಿತು. ಸಡಿಲು ಬಿಟ್ಟರೆ ವೈಸಿನಿಂದ ಹಾರಿ ಕಟರ್ ಮುರಿಯಿತು. ಕೊನೆಗೆ ಹೆಂಡತಿಗೆ, “ಅಕಿಗಿ ಬಾ ಅಂತ ಹೇಳು,” ಎಂದೆ.

“ಈ ಟಪಾಲ ನಾ ಒಯ್ಯಂಗಿಲ್ಲ. ನೀವ ಹೋಗಿ ಹೇಳ್ರಿ.”

ಅಡುಗೆಮನೆ ಬಾಗಿಲಲ್ಲಿ ನಿಂತು ಚೌಕಟ್ಟಿಗೆ ಹೇಳಿದಂತೆ ಹೇಳಿದೆ: “ನಾಳಿ ಕೆಲಸಕ್ಕ ಬರಬೇಕು.”

ಬೆಳಿಗ್ಗೆ ಬಂದಳು. ನನ್ನ ಕೈ ಹ್ಯಾಂಡಲ್ ಮೇಲಿತ್ತು. ನೇರ ಎದುರಿಗೆ ಬಂದು ನಿಂತಳು. ನಮ್ಮ ಮನೆ ತುಂಬಿದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು:

“ಮಾವಾರ, ಕೈ ತಗೀರಿ.”

ತೆಗೆದೆ. ಪೈಪನ್ನು ಗುಜರಿಗೆ ಎಸೆದಳು. ವೈಸಿನ ಬೋಲ್ಟು ಬಿಚ್ಚಿದಳು. “ಭಾರ ಅದ. ಆ ಕಡಿ ಹಿಡೀರಿ,” ಎಂದಳು. ಇಬ್ಬರೂ ಹಿಡಿದು ಕೆಳಗಿಳಿಸಿದೆವು.

ಸಾವಕಾರನಿಗೆ ಫೋನ್ ಮಾಡಿ ಹೇಳಿದೆ: “ತಪ್ಪಾಯ್ತ್ರಿ, ವೈಸ್ ಬಿಗಿದಾಂವ ನಾನು. ಮಷಿನ್ ನನ್ನ ಸೊಸಿನ ನಡಸ್ತಾಳ. ಕೆಲಸ ಕೊಟ್ರ ಕೊಡ್ರಿ, ಬಿಟ್ರ ಬಿಡ್ರಿ.” ಅವನು ಬಿಟ್ಟ. ಬಿಡಲಿ. ಚೌಡಾಪುರದಿಂದ ಬೇರೆಯವರು ಕೆಲಸ ಹಿಡಿದು ಬಂದರು.

ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ವಾದ ಮಾಡುತ್ತಾಳೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಹೌದು, ದಿನಾ ಮಾಡುತ್ತಾಳೆ. ಬೇಕಾದವರು ಬಂದು ಕೇಳಲಿ, ಚಹಾ ನಾನೇ ತರಿಸುತ್ತೇನೆ.

ಆದರೆ ರೂಢಿ ಮುರಿದದ್ದು ಅವಳು, ನಾನಲ್ಲ. ಸಾವಕಾರನಿಗೆ ತಪ್ಪಾಯಿತು ಎಂದೆ, ಹೆಂಡತಿಗೆ ಎಂದೆ, ಮಗನಿಗೂ ಎಂದೆ. ಈಗ ನಿಮಗೂ ಹೇಳಿದ್ದೇನೆ. ಇದನ್ನು ಬರೆಯುತ್ತಿರುವಾಗ ಮಷಿನ್ ಸದ್ದಿನ ನಡುವೆಯೇ, “ಮಾವಾರ, ಚಾ ಆರಾಕತ್ತದ,” ಎಂದು ಕೂಗುತ್ತಿದ್ದಾಳೆ, ನಾನು ಇನ್ನೂ ಕ್ಷಮೆ ಕೇಳದಿರುವ ಒಬ್ಬಳೇ ಒಬ್ಬಳು, ನನ್ನ ಸೊಸೆ.